ಎರಡು ವರ್ಷ ಬೆಂಚ್ ಕಾಯ್ದ ಆರ್ಚ್ ಮ್ಯಾನಿಂಗ್ ದಡ್ಡನಾ?

ಆಸ್ಟಿನ್ ಹೋರಿ:
ನಿನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬ ಶುರು ಹಚ್ಚಿಕೊಂಡ. ಈ ಕಾಲದಲ್ಲಿ ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಎರಡು ವರ್ಷ ಬೆಂಚ್ ಕಾಯುವ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಶುದ್ಧ ದಡ್ಡ ಅಂತೆ. ಹೇಳಿದ್ದು ನಮ್ಮ ಆರ್ಚ್ ಮ್ಯಾನಿಂಗ್ ಬಗ್ಗೆ. ತಾತ ಆರ್ಚಿ, ಚಿಕ್ಕಪ್ಪಂದಿರು ಪೇಟನ್ ಮತ್ತು ಈಲೈ, ಮೂವರೂ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳು. ಆ ಮನೆತನದ ಹುಡುಗನಿಗೆ ದೇಶದಲ್ಲಿ ಬಾಗಿಲು ತೆರೆಯದ ಕಾಲೇಜೇ ಇರಲಿಲ್ಲ. 2022ರ ಜೂನ್‌ನಲ್ಲಿ ನಮ್ಮ ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಗೆ ಬರ್ತೀನಿ ಎಂದ. 2023, 2024 ಎರಡೂ ಸೀಸನ್ ಆಗಿನ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಹಿಂದೆ ತಾಳ್ಮೆಯಿಂದ ನಿಂತ. ಯೂವರ್ಸ್‌ಗೆ ಪೆಟ್ಟಾದಾಗ ಎರಡು ಮ್ಯಾಚ್‌ನಲ್ಲಿ ಮೊದಲಿನಿಂದ ಆಡಿದ, ಅವನು ವಾಪಸ್ ಬಂದ ತಕ್ಷಣ ತಾನು ವಾಪಸ್ ಬೆಂಚಿಗೆ.

2025ರಲ್ಲಿ ಟೀಮ್ ಅವನ ಕೈಗೆ ಬಂತು. ಸೀಸನ್‌ಗೆ ಮುಂಚೆ ಪತ್ರಕರ್ತರು ಓಟು ಹಾಕಿ ಮಾಡುವ ಎಪಿ ಪಟ್ಟಿಯಲ್ಲಿ ನಾವೇ ನಂಬರ್ ಒನ್, ನಮ್ಮ ಇತಿಹಾಸದಲ್ಲೇ ಮೊದಲ ಸಲ. ಮೊದಲ ಮ್ಯಾಚ್‌ಗೇ ಕೊಲಂಬಸ್‌ಗೆ ಹೋಗಿ ಒಹಾಯೋ ಸ್ಟೇಟ್ ಹತ್ತಿರ 14-7ಕ್ಕೆ ಸೋತು ಬಂದೆವು. ಆಮೇಲೆ ಫ್ಲೋರಿಡಾ ಹತ್ತಿರವೂ ಸೋತೆವು. ಕಪ್ ಯಾರಿಗೆ ಅಂತ ತೀರ್ಮಾನಿಸುವ ಪ್ಲೇಆಫ್ ಸುತ್ತು ಕೈತಪ್ಪಿತು. ಆದರೆ ಓಕ್ಲಹೋಮಾನ 23-6ಕ್ಕೆ ಹೊಡೆದೆವು, ಅಲ್ಲಿಯವರೆಗೆ ಒಂದೂ ಸೋಲದೆ ಬಂದಿದ್ದ ನಮ್ಮದೇ ರಾಜ್ಯದ ಎದುರಾಳಿ ಟೆಕ್ಸಸ್ ಎ ಆ್ಯಂಡ್ ಎಂ ಅನ್ನು ಮನೆಗೆ ಕರೆದು 27-17ಕ್ಕೆ ಕಳಿಸಿದೆವು. ಈಗ ಹೇಳಿ, ಕಾಯ್ದದ್ದು ತಪ್ಪಾ?

ಹನ್ನೆರಡನೆಯವನು:
ಎರಡನೇ ಪ್ಯಾರಾದ ಆ ಕೊನೆಯ ಭಾಗ ಇಲ್ಲದಿದ್ದರೂ ಪ್ರಶ್ನೆ ಅರ್ಥವಾಗ್ತಿತ್ತು ಗುರು. ಎ ಆ್ಯಂಡ್ ಎಂನವನ ಗಾಯಕ್ಕೆ ಸುಮ್ನೆ ಯಾಕೆ ಉಪ್ಪು ಸವರ್ತೀಯ.

ಕೊಲಂಬಸ್ ಕಾಫಿ:
ಆರ್ಚ್ ವಿಷಯ ಮಾತಾಡುವ ಮುಂಚೆ ಅವನ ಮುಂದೆ ನಿಂತಿದ್ದವನ ಕಥೆ ಹೇಳ್ತೀನಿ, ಯಾಕೆಂದರೆ ಅದು ನಮ್ಮ ಮನೆಯ ಕಥೆಯೂ ಹೌದು.

ಯೂವರ್ಸ್ ಡಲ್ಲಾಸ್ ಪಕ್ಕದ ಸೌತ್‌ಲೇಕ್ ಹುಡುಗ. 2021ರಲ್ಲಿ ಎನ್‌ಐಎಲ್ ಶುರುವಾಯಿತು ನೋಡಿ, ಅಂದರೆ ಆಟಗಾರ ತನ್ನ ಹೆಸರು ಮುಖ ಬಳಸಿಕೊಂಡು ದುಡ್ಡು ಮಾಡಬಹುದು ಅಂತ. ಟೆಕ್ಸಸ್‌ನ ಹೈಸ್ಕೂಲ್ ಹುಡುಗರಿಗೆ ಅದಕ್ಕೆ ಅವಕಾಶ ಇರಲಿಲ್ಲ. ಇವನು ಹೈಸ್ಕೂಲಿನ ಕೊನೆಯ ವರ್ಷವನ್ನೇ ಬಿಟ್ಟು ನಮ್ಮ ಒಹಾಯೋ ಸ್ಟೇಟ್‌ಗೆ ಬಂದುಬಿಟ್ಟ. ಸುಮಾರು 14 ಲಕ್ಷ ಡಾಲರ್ ಒಪ್ಪಂದ ಅಂತ ಪೇಪರ್‌ನಲ್ಲಿ ಬಂತು. ಇಲ್ಲಿ ಆಡಿದ್ದು ಎಷ್ಟು? ಎರಡು ಸ್ನ್ಯಾಪ್, ಅಂದರೆ ಎರಡೇ ಸಲ ಚೆಂಡು ಕೈಗೆ ಬಂತು. ಎರಡೂ ಸಲ ಚೆಂಡನ್ನು ಪಕ್ಕದವನ ಕೈಗಿಟ್ಟ, ಅಷ್ಟೇ. ಸೀಸನ್ ಮುಗಿಯುವ ಹೊತ್ತಿಗೆ ಟೆಕ್ಸಸ್‌ಗೆ ಹೊರಟ.

ಇಲ್ಲಿದ್ದಾಗ ಅವನ ರೂಮ್‌ಮೇಟ್ ಜ್ಯಾಕ್ ಸಾಯರ್. 2025ರ ಜನವರಿ 10, ಸೆಮಿಫೈನಲ್, ನಾವು 21-14 ಮುಂದೆ, ಟೆಕ್ಸಸ್ ನಮ್ಮ ಗೋಲ್ ಲೈನ್ ಹತ್ತಿರ, ನಾಲ್ಕನೇ ಡೌನ್, ಅಂದರೆ ಮುಂದೆ ಸಾಗೋಕೆ ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು. ಸಾಯರ್ ಹಿಂದಿನಿಂದ ಬಂದು ತನ್ನ ಹಳೇ ರೂಮ್‌ಮೇಟ್ ಕೈಯಿಂದ ಚೆಂಡು ಕೆಡವಿದ, ತಾನೇ ಎತ್ತಿಕೊಂಡ, 83 ಗಜ ಓಡಿದ. 28-14. ನಾನು ಅವತ್ತು ಸೋಫಾದಿಂದ ಜಿಗಿದು ಟೀಪಾಯ್‌ಗೆ ಮಂಡಿ ಹೊಡೆದುಕೊಂಡಿದ್ದು ಇವತ್ತಿಗೂ ಚಳಿಗೆ ನೋಯುತ್ತೆ.

ಆ ವರ್ಷ ನಮಗೆ ಕಪ್ ತಂದ ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್. ಅವನೂ ನಮ್ಮ ಮನೆಯಲ್ಲಿ ಬೆಳೆದವನಲ್ಲ. ಕಾನ್ಸಸ್ ಸ್ಟೇಟ್‌ನಿಂದ ಬಂದ, ಒಂದು ವರ್ಷ ಆಡಿದ, ಗೆದ್ದ, ಹೋದ. ಹಾಗಾಗಿ ಕಾಯಬೇಕಾ ಓಡಬೇಕಾ ಅಂತ ಕೇಳಿದರೆ ನನ್ನ ಹತ್ತಿರ ಎರಡಕ್ಕೂ ಉದಾಹರಣೆ ಇದೆ.

ಬೆಳಗಿನ ಐದು ಗಂಟೆ:
ನಾನು ಬೆಂಗಳೂರಿನಲ್ಲಿ ಕೂತು ನೋಡುವವನು. ಅಲ್ಲಿ ಓದಿ ವಾಪಸ್ ಬಂದ ಮೇಲೂ ಈ ಚಟ ಬಿಟ್ಟಿಲ್ಲ. ಅಲ್ಲಿಯ ಮಧ್ಯಾಹ್ನ ಹನ್ನೆರಡರ ಮ್ಯಾಚ್ ನನಗೆ ಶನಿವಾರ ರಾತ್ರಿ ಒಂಬತ್ತೂವರೆ. ರಾತ್ರಿ ಏಳೂವರೆಯದ್ದು ಭಾನುವಾರ ಬೆಳಗಿನ ಐದು. ಹಾಲು ತರುವ ನೆಪದಲ್ಲಿ ಎದ್ದೆ ಅಂತ ಹೇಳ್ತೀನಿ, ಮನೆಯಲ್ಲಿ ಯಾರೂ ನಂಬೋದಿಲ್ಲ.

ಒಂದು ಪ್ರಶ್ನೆ. ನನ್ನ ತಮ್ಮ ಈ ರಿಕ್ರೂಟಿಂಗ್ ಅಂದರೆ ಏನು, ಐಪಿಎಲ್ ಹರಾಜಿನ ಹಾಗಾ ಅಂತ ಕೇಳ್ತಾನೆ. ಸರಿಯಾಗಿ ಹೇಳೋಕೆ ನನಗೆ ಬರಲಿಲ್ಲ.

ಅಟ್ಲಾಂಟ ಅಕ್ಕ:
ಹರಾಜಿಗೆ ಪೂರ್ತಿ ಉಲ್ಟಾ ಅಂತ ಹೇಳಿ. ಹರಾಜಿನಲ್ಲಿ ಟೀಮ್ ಆರಿಸುತ್ತೆ, ಇಲ್ಲಿ ಹುಡುಗ ಆರಿಸುತ್ತಾನೆ. ಇದು ಹೆಣ್ಣು ನೋಡೋ ಶಾಸ್ತ್ರ ಕಣ್ರೀ. ಕೋಟಿಗಟ್ಟಲೆ ಸಂಬಳದ ಕೋಚ್ ಹದಿನೇಳು ವರ್ಷದ ಹುಡುಗನ ಮನೆಗೆ ಬಂದು ಸೋಫಾ ಮೇಲೆ ಕೂತು ಅವರಮ್ಮ ಮಾಡಿದ್ದನ್ನು ಚೆನ್ನಾಗಿದೆ ಚೆನ್ನಾಗಿದೆ ಅಂತ ತಿನ್ನಬೇಕು. ಅಜ್ಜಿ ಒಪ್ಪಿದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಹುಡುಗನ ಮನೆಯವರು ಕ್ಯಾಂಪಸ್ ನೋಡಲು ಬರುತ್ತಾರೆ, ಅವರಿಗೆ ರಾಜಮರ್ಯಾದೆ, ಹುಡುಗನಿಗೆ ಜೆರ್ಸಿ ತೊಡಿಸಿ ಫೋಟೋ. 'ಕಮಿಟ್ ಆದೆ' ಅಂದರೆ ಬರೀ ಬಾಯಿಮಾತು. ಡಿಸೆಂಬರ್‌ನಲ್ಲಿ ಸಹಿ ಬೀಳೋವರೆಗೆ ಅದಕ್ಕೆ ಬೆಲೆಯಿಲ್ಲ. ತಾಂಬೂಲ ಬದಲಾಯಿಸಿಕೊಂಡ ಮೇಲೂ ಹುಡುಗ ಬೇರೆ ಮನೆ ನೋಡ್ತಾನೆ. ಬ್ರೈಸ್ ಅಂಡರ್‌ವುಡ್ ಅನ್ನೋ ಕ್ವಾರ್ಟರ್‌ಬ್ಯಾಕ್ ಎಲ್‌ಎಸ್‌ಯು, ಅಂದರೆ ಲೂಸಿಯಾನಾ ಸ್ಟೇಟ್ ಎಂದಿದ್ದ, 2024ರ ನವೆಂಬರ್‌ನಲ್ಲಿ ಮಿಶಿಗನ್ ಎಂದ. ಇದಕ್ಕೆ ಫ್ಲಿಪ್ ಅನ್ನುತ್ತಾರೆ. ಇನ್ನು ಕೆಲವು ಹುಡುಗರು ಟೇಬಲ್ ಮೇಲೆ ನಾಲ್ಕು ಟೋಪಿ ಇಟ್ಟುಕೊಂಡು ಕ್ಯಾಮೆರಾ ಮುಂದೆ ಒಂದರ ಮೇಲೆ ಕೈಯಿಟ್ಟು, ಇನ್ನೊಂದನ್ನು ಎತ್ತಿ ತಲೆಗೆ ಹಾಕಿಕೊಳ್ಳುತ್ತಾರೆ. ಅದನ್ನು ನೋಡಿ ನಲವತ್ತೈದು ವರ್ಷದ ಗಂಡಸರು ಅಳುತ್ತಾರೆ. ನಮ್ಮ ಯಜಮಾನರೂ ಸೇರಿ.

ಸ್ಟಾರ್ ಲೆಕ್ಕ ನನಗೆ ನಗು ಬರಿಸುತ್ತೆ. ಹೈಸ್ಕೂಲ್ ಹುಡುಗರಿಗೆ ವೆಬ್‌ಸೈಟ್‌ನವರು ಎರಡು ಸ್ಟಾರ್ ಐದು ಸ್ಟಾರ್ ಅಂತ ಹೋಟೆಲ್ ಥರ ಕೊಡ್ತಾರೆ. ಮುಂದೆ ನಿಂತು ಎದುರಾಳಿಯನ್ನು ತಡೆಯುವ ಲೈನ್‌ಮನ್ ಆದರೆ ಮೈಕಟ್ಟು ನೋಡಿ ಸ್ವಲ್ಪ ಅಂದಾಜು ಸಿಗುತ್ತೆ. ಕ್ವಾರ್ಟರ್‌ಬ್ಯಾಕ್ ತಲೆಯೊಳಗೆ ಏನಿದೆ ಅಂತ ಯಾರಿಗೆ ಗೊತ್ತು? ನಮ್ಮ ಜಾರ್ಜಿಯಾದ ಸ್ಟೆಟ್ಸನ್ ಬೆನೆಟ್‌ನ ನೋಡಿ. 2017ರಲ್ಲಿ ಸ್ಕಾಲರ್‌ಶಿಪ್ ಇಲ್ಲದೆ ವಾಕ್‌ಆನ್ ಆಗಿ ಬಂದ. ಅವಕಾಶ ಸಿಗಲ್ಲ ಅಂತ ಮಿಸಿಸಿಪ್ಪಿಯ ಒಂದು ಜೂನಿಯರ್ ಕಾಲೇಜಿಗೆ ಹೋದ. ಮತ್ತೆ ವಾಪಸ್ ಬಂದ. ಆಗಲೂ ಎಲ್ಲರೂ ಬೇರೆಯವನನ್ನೇ ಆಡಿಸಿ ಅಂದರು, ಸುಳ್ಳು ಯಾಕೆ, ನಾನೂ ಅಂದೆ. 2021, 2022 ಎರಡೂ ಸೀಸನ್ ಕಪ್ ತಂದ. ಎರಡನೇ ಫೈನಲ್‌ನಲ್ಲಿ ಟಿಸಿಯು ಮೇಲೆ 65-7. ಹೋಗಿ ಬಂದು ಗೆದ್ದವನು ಅವನು. ಅವನನ್ನು ಯಾವ ಪಟ್ಟಿಗೆ ಹಾಕ್ತೀರಿ?

ಆಸ್ಟಿನ್ ಹೋರಿ:
ಅಕ್ಕ, ತಾಂಬೂಲದ ಮಾತು ಹೇಳಿ ಎಲ್ಲ ಅರ್ಥ ಮಾಡಿಸಿಬಿಟ್ಟಿರಿ. ಆದರೆ ಈಗ ಮದುವೆಯಾದ ಮೇಲೂ ಬಿಟ್ಟು ಹೋಗ್ತಾರೆ, ಅದೇ ನನ್ನ ಸಂಕಟ. ಮೊದಲು ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಕೊಟ್ಟರು, 2024ರಿಂದ ಎಷ್ಟು ಸಲ ಬೇಕಾದರೂ ಹೋಗಬಹುದು. ಜನವರಿಯಲ್ಲಿ ಪೋರ್ಟಲ್, ಅಂದರೆ ಕಾಲೇಜು ಬದಲಿಸುವವರು ಹೆಸರು ಬರೆಸುವ ಪಟ್ಟಿ, ಬಾಗಿಲು ತೆಗೆದರೆ ಸಂತೆ. ಯಾರು ಬಂದರು ಯಾರು ಹೋದರು ಅಂತ ಫೋನ್ ನೋಡಿ ನೋಡಿ ಕತ್ತು ನೋವು. ನೀಕೋ ಇಯಾಮಲಿಯಾವಾ ಟೆನೆಸಿಯನ್ನು ಪ್ಲೇಆಫ್‌ವರೆಗೆ ಕರೆದೊಯ್ದ ಹುಡುಗ. 2025ರ ಏಪ್ರಿಲ್‌ನಲ್ಲಿ ದುಡ್ಡಿನ ಮಾತುಕತೆ ಮುರಿದು ಯುಸಿಎಲ್‌ಎಗೆ ಹೋದ. ಅವನ ಹೆಸರಿನ ಜೆರ್ಸಿ ಕೊಂಡ ಮಕ್ಕಳು ಏನು ಮಾಡಬೇಕು?

ಹೊಸಬ ಬ್ಲೂಮಿಂಗ್‌ಟನ್:
ಎಲ್ಲರಿಗೂ ನಮಸ್ಕಾರ. ಇಂಡಿಯಾನಾ ಯೂನಿವರ್ಸಿಟಿಯಲ್ಲಿ ಎಂಎಸ್ ಮಾಡ್ತಿದ್ದೀನಿ. ಬಂದು ಎರಡು ವರ್ಷ ಆಗ್ತಾ ಬಂತು. ಬರುವ ಮುಂಚೆ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯೋದು ಅಂದುಕೊಂಡಿದ್ದೆ. ಪೋರ್ಟಲ್‌ನ ಯಾರೂ ಬೈಯಬೇಡಿ ಸರ್, ನಮಗೆ ಅದೇ ದೇವರು.

ಕೊಲಂಬಸ್ ಕಾಫಿ:
ಬಂದ ನೋಡಿ.

ಹನ್ನೆರಡನೆಯವನು:
ಎರಡೇ ವರ್ಷ! ನಮ್ಮಪ್ಪ ಆರ್‌ಸಿಬಿಗೆ ಅಂತ ಹದಿನೆಂಟು ವರ್ಷ ಕಾಯ್ದರು ಮಾರಾಯ. ನೀನು ವೀಸಾ ಸ್ಟ್ಯಾಂಪ್ ಒಣಗುವ ಮುಂಚೆ ಕಪ್ ನೋಡಿದೆ.

ಹೊಸಬ ಬ್ಲೂಮಿಂಗ್‌ಟನ್:
ನಾನೇನು ಮಾಡಲಿ ಸರ್. 😀 ಇಲ್ಲಿಯ ಹಳಬರು ಹೇಳ್ತಾರೆ, ಮೊದಲು ನವೆಂಬರ್ ಬಂದರೆ ಎಲ್ಲರೂ ಬಾಸ್ಕೆಟ್‌ಬಾಲ್ ಕಡೆ ತಿರುಗುತ್ತಿದ್ದರಂತೆ, ಫುಟ್‌ಬಾಲ್ ಟೀಮ್ ಅಷ್ಟು ಸೋತಿತ್ತು. ಕರ್ಟ್ ಸಿಗ್ನೆಟ್ಟಿ ಜೇಮ್ಸ್ ಮ್ಯಾಡಿಸನ್‌ನಿಂದ ಬಂದರು, ಬರುವಾಗ ಅಲ್ಲಿಯ ಹುಡುಗರನ್ನೂ ಕರೆತಂದರು. ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಫರ್ನಾಂಡೊ ಮೆಂಡೋಜಾ ಬಂದ. ಮಯಾಮಿ ಹುಡುಗ. ಹೈಸ್ಕೂಲ್‌ನಲ್ಲಿದ್ದಾಗ ದೊಡ್ಡ ಕಾಲೇಜುಗಳು ತಿರುಗಿಯೂ ನೋಡಿರಲಿಲ್ಲ, ಮೊದಲು ಯೇಲ್‌ಗೆ ಹೋಗ್ತೀನಿ ಅಂದಿದ್ದ. ಇಂಡಿಯಾನಾಗೆ ಬಂದ ವರ್ಷವೇ ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ 2025ರ ಹೈಸ್ಮನ್ ಟ್ರೋಫಿ. ನಮ್ಮ ಲೀಗ್ ಬಿಗ್ ಟೆನ್‌ನ ಫೈನಲ್‌ನಲ್ಲಿ ಒಹಾಯೋ ಸ್ಟೇಟ್ ಮೇಲೆ 13-10.

ಕೊಲಂಬಸ್ ಕಾಫಿ:
ಅಂಕಿ ಹೇಳುವ ಅಗತ್ಯ ಇರಲಿಲ್ಲ ತಮ್ಮಾ.

ಹೊಸಬ ಬ್ಲೂಮಿಂಗ್‌ಟನ್:
ಸಾರಿ ಅಣ್ಣ. ಆಮೇಲೆ ಜನವರಿಯಲ್ಲಿ ಫೈನಲ್, ಎದುರಾಳಿ ಮಯಾಮಿ, ಮ್ಯಾಚ್ ನಡೆದದ್ದೂ ಮಯಾಮಿಯಲ್ಲೇ. ಅವನ ಊರಿನಲ್ಲಿ ಅವನ ಊರಿನ ಟೀಮ್ ಮೇಲೆ 27-21. ಕೊನೆಯ ಕ್ವಾರ್ಟರ್‌ನಲ್ಲಿ ನಾಲ್ಕನೇ ಡೌನ್‌ಗೆ ಅವನೇ ಚೆಂಡು ಹಿಡಿದು ನುಗ್ಗಿ ಗೋಲ್ ಲೈನ್ ದಾಟಿ ಟಚ್‌ಡೌನ್ ಮಾಡಿದ. ಅವನು ಬರ್ಕ್ಲಿಯಲ್ಲೇ ಕೂತಿದ್ದರೆ ಇದೆಲ್ಲ ಆಗ್ತಿತ್ತಾ ಹೇಳಿ.

ಕೊಲಂಬಸ್ ಕಾಫಿ:
ಆಗ್ತಿರಲಿಲ್ಲ, ಒಪ್ಪಿದೆ. ನನ್ನ ಹಳೇ ಗಾಯ ಜೋ ಬರೋ. ನಮ್ಮಲ್ಲಿ ಮೂರು ವರ್ಷ ಕೂತ. ಜಾಗ ಸಿಗಲ್ಲ ಅಂತ ಗೊತ್ತಾಗಿ 2018ರಲ್ಲಿ ಎಲ್‌ಎಸ್‌ಯುಗೆ ಹೋದ. 2019ರಲ್ಲಿ 60 ಟಚ್‌ಡೌನ್ ಪಾಸ್, 15ಕ್ಕೆ 15 ಗೆಲುವು, ಹೈಸ್ಮನ್, ಕಪ್. ಅವನು ಒಹಾಯೋ ರಾಜ್ಯದಲ್ಲೇ ಬೆಳೆದ ಹುಡುಗ ಅನ್ನೋದು ಇನ್ನೂ ಉರಿ. ಆದರೆ ಅವನೂ ಮೂರು ವರ್ಷ ಕೂತು ಕಲಿತ ಮೇಲೆಯೇ ಹೋಗಿದ್ದು, ಮೊದಲ ಸೆಮಿಸ್ಟರ್ ಮುಗಿದ ಕೂಡಲೇ ಅಲ್ಲ. ನನ್ನ ತಲೆಗೆ ಹೊಳೆಯೋದು ಇಷ್ಟು. ಕೂರೋದು ಏಳೋದು ಮುಖ್ಯ ಅಲ್ಲ. ಕೂತಾಗ ಯಾರ ಹತ್ತಿರ ಕೂತ, ಎದ್ದಾಗ ಯಾವ ಕೋಚ್ ಹತ್ತಿರ ಹೋದ, ಮುಂದೆ ನಿಲ್ಲುವ ಐದು ಜನ ಲೈನ್‌ಮನ್ ಎಂಥವರು, ಅದು ಮುಖ್ಯ. ಕಳೆದ ಸೀಸನ್ ಶುರುವಿನಲ್ಲಿ ಆರ್ಚ್‌ಗೆ ಉಸಿರಾಡೋಕೂ ಸಮಯ ಸಿಗ್ತಿರಲಿಲ್ಲ, ಎಸೆಯೋ ಮುಂಚೆ ಮೈಮೇಲೆ ಬಿದ್ದಿರ್ತಿದ್ದರು. ಅದಕ್ಕೆ ಬೆಂಚ್‌ನ ಬೈದರೆ ಹೇಗೆ?

ಪ್ಲೇನೋ ಅಪ್ಪ:
ನಾನು ಡಲ್ಲಾಸ್ ಪಕ್ಕ ಇದ್ದೀನಿ. ಮಗ ಹೈಸ್ಕೂಲ್‌ನಲ್ಲಿದ್ದಾನೆ. ಫುಟ್‌ಬಾಲ್ ಆಡಲ್ಲ, ಬ್ಯಾಂಡ್‌ನಲ್ಲಿ ಸೂಸಾಫೋನ್ ಅನ್ನೋ ದೊಡ್ಡ ಹಿತ್ತಾಳೆ ವಾದ್ಯ ಊದ್ತಾನೆ, ಅದು ಅವನಿಗಿಂತ ದೊಡ್ಡದಿದೆ. ಇಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲ್ ಮ್ಯಾಚ್ ಅಂದರೆ ಊರೇ ಸೇರುತ್ತೆ. ಪಕ್ಕದ ಆ್ಯಲನ್‌ನಲ್ಲಿ 2012ರಲ್ಲಿ ಹೈಸ್ಕೂಲ್‌ಗೆ ಅಂತ 18,000 ಜನ ಕೂರುವ ಸ್ಟೇಡಿಯಂ ಕಟ್ಟಿದರು, 6 ಕೋಟಿ ಡಾಲರ್ ಖರ್ಚು. ನಮ್ಮಪ್ಪ ಊರಿನಿಂದ ಬಂದಾಗ ತೋರಿಸಿದೆ. "ಇದು ಪಿಯುಸಿ ಹುಡುಗರಿಗಾ?" ಎಂದು ಮೂರು ಸಲ ಕೇಳಿದರು.

ನೀವೆಲ್ಲ ಕ್ವಾರ್ಟರ್‌ಬ್ಯಾಕ್ ಬಗ್ಗೆ ಹೊಡೆದಾಡ್ತೀರಿ. ನಮ್ಮ ಮನೆಯಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಒಹಾಯೋ ಸ್ಟೇಟ್ ಬ್ಯಾಂಡ್ ಮೈದಾನದ ಮೇಲೆ ಒಹಾಯೋ ಅಂತ ಕೂಡು ಅಕ್ಷರದಲ್ಲಿ ಬರೆಯುತ್ತಲ್ಲ, ಅದರ ಐ ಅಕ್ಷರಕ್ಕೆ ಚುಕ್ಕೆ ಇಡೋದು ಸೂಸಾಫೋನ್‌ನವನು. ನನ್ನ ಮಗನಿಗೆ ಆ ಚುಕ್ಕೆ ಆಗಬೇಕಂತೆ. ಕಾಫಿಯವರೇ, ಅದಕ್ಕೆ ರಿಕ್ರೂಟಿಂಗ್ ಇದೆಯಾ?

ಕೊಲಂಬಸ್ ಕಾಫಿ:
ಸರ್, ಇಲ್ಲಿ ಮಾತ್ರ ಪೋರ್ಟಲ್ ನಡೆಯಲ್ಲ! ಆ ಚುಕ್ಕೆ ಸಿಗಬೇಕಾದರೆ ನಾಲ್ಕೋ ಐದೋ ವರ್ಷ ಬ್ಯಾಂಡ್‌ನಲ್ಲಿ ಬೆವರು ಸುರಿಸಿರಬೇಕು. 1936ರಿಂದ ಬರೆಯುತ್ತಿದ್ದಾರೆ. ಇಡೀ ಬ್ಯಾಂಡ್ ಹಾವಿನ ಹಾಗೆ ಒಬ್ಬರ ಹಿಂದೆ ಒಬ್ಬರು ಸಾಗಿ ಅಕ್ಷರ ಮೂಡಿಸುತ್ತೆ. ಕೊನೆಗೆ ಇವನು ಒಬ್ಬನೇ ಬೇರೆಯಾಗಿ ಕಾಲು ಚಿಮ್ಮುತ್ತಾ ಐ ಮೇಲಕ್ಕೆ ಹೋಗಿ, ಟೋಪಿ ತೆಗೆದು, ಸೊಂಟ ಬಗ್ಗಿಸಿ ಎರಡೂ ಕಡೆಯ ಜನಕ್ಕೆ ನಮಸ್ಕಾರ ಮಾಡ್ತಾನೆ. ಲಕ್ಷ ಜನ ಕೂಗ್ತಾರೆ. ಟಚ್‌ಡೌನ್‌ಗೆ ಅಳದ ನಾನು ಅದಕ್ಕೆ ಅತ್ತಿದ್ದೀನಿ. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಮೈಸೂರು ದಸರಾ. ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡ್ ಬರುವಾಗ ಅಪ್ಪನ ಹೆಗಲ ಮೇಲೆ ಕೂತಿದ್ದೆ.

ನಮ್ಮ ಹಳೇ ಎದುರಾಳಿ ಮಿಶಿಗನ್ ಜೊತೆ ಮ್ಯಾಚ್ ಇರುವ ವಾರದಲ್ಲಿ ಕ್ಯಾಂಪಸ್‌ಗೆ ಬನ್ನಿ, ಬೋರ್ಡ್‌ಗಳ ಮೇಲಿನ ಎಂ ಅಕ್ಷರಗಳಿಗೆಲ್ಲ ಕೆಂಪು ಟೇಪ್‌ನಲ್ಲಿ ಕಾಟು ಹೊಡೆದಿರ್ತಾರೆ. ಒಂದು ವರ್ಷ ನಾವು ನಾಲ್ಕು ಜನ ಕನ್ನಡದ ಹುಡುಗರು ಹಾಗೇ ಮಾಡೋಣ ಅಂತ ಪಾಟ್‌ಲಕ್ ಪಟ್ಟಿಯಲ್ಲಿ ಮ ಹೊಡೆದು ಹಾಕಿದೆವು. ಮೊಸರನ್ನ ಹೋಯಿತು, ಮಸಾಲೆವಡೆ ಹೋಯಿತು, ಮೈಸೂರು ಪಾಕೂ ಹೋಯಿತು. ಮನೆಯವರು ಬಂದು ನೋಡಿ ಟೇಪ್ ಕಿತ್ತರು.

ಹನ್ನೆರಡನೆಯವನು:
ಸಂಪ್ರದಾಯದ ಮಾತು ಬಂದ ಮೇಲೆ ಎ ಆ್ಯಂಡ್ ಎಂನವನು ಸುಮ್ಮನಿರೋಕೆ ಆಗಲ್ಲ. ನಮ್ಮಲ್ಲಿ ಚಿಯರ್‌ಲೀಡರ್ ಇಲ್ಲ, ಬಿಳಿ ಬಟ್ಟೆಯ ಯೆಲ್ ಲೀಡರ್‌ಗಳಿದ್ದಾರೆ, ವಿದ್ಯಾರ್ಥಿಗಳೇ ಓಟು ಹಾಕಿ ಆರಿಸೋದು. ಮ್ಯಾಚ್‌ನ ಹಿಂದಿನ ಮಧ್ಯರಾತ್ರಿ ನಮ್ಮ ಸ್ಟೇಡಿಯಂ ಕೈಲ್ ಫೀಲ್ಡ್‌ಗೆ ಹೋಗಿ ಸಾವಿರಾರು ಜನ ಕೂಗೋದನ್ನು ಪ್ರಾಕ್ಟೀಸ್ ಮಾಡ್ತೀವಿ. ಹೌದು, ಕೂಗೋದಕ್ಕೂ ಪ್ರಾಕ್ಟೀಸ್. ಮ್ಯಾಚ್ ಪೂರ್ತಿ ವಿದ್ಯಾರ್ಥಿಗಳು ಕೂರಲ್ಲ. ಯಾಕೆ ಗೊತ್ತಾ? 1922ರ ಜನವರಿ 2, ಡಲ್ಲಾಸ್‌ನಲ್ಲಿ ಸೆಂಟರ್ ಕಾಲೇಜ್ ಜೊತೆ ಮ್ಯಾಚ್. ನಮ್ಮ ಆಟಗಾರರು ಒಬ್ಬೊಬ್ಬರೇ ಪೆಟ್ಟು ತಿಂದು ಹೊರಗೆ ಬಂದರು. ಪ್ರೆಸ್‌ಬಾಕ್ಸ್‌ನಲ್ಲಿ ಕೂತಿದ್ದ ಇ. ಕಿಂಗ್ ಗಿಲ್‌ನ ಕೋಚ್ ಕೆಳಗೆ ಕರೆದರು. ಅವನು ಬಟ್ಟೆ ಬದಲಿಸಿಕೊಂಡು ಬಂದು ಮೈದಾನದ ಅಂಚಿನಲ್ಲಿ ನಿಂತ. 22-14 ಗೆದ್ದೆವು. ಅವನನ್ನು ಆಡಿಸಲೇ ಇಲ್ಲ. ನಿಂತಿದ್ದ, ಅಷ್ಟೇ. ಆಡುವವರು ಹನ್ನೊಂದು ಜನ, ಅವನೇ ಹನ್ನೆರಡನೆಯವನು. ಬೆಂಚ್ ಕಾಯ್ದವನನ್ನು ದಡ್ಡ ಅನ್ನುವವರು ನಮ್ಮ ಕ್ಯಾಂಪಸ್‌ಗೆ ಬಂದು ಅವನ ಪ್ರತಿಮೆ ನೋಡಿ ಹೋಗಲಿ.

ಇನ್ನೊಂದು ಪದ್ಧತಿ ಇದೆ, ನಮ್ಮವರು ಟಚ್‌ಡೌನ್ ಮಾಡಿದರೆ ಜೊತೆಗೆ ಬಂದ ಹುಡುಗಿಗೆ ಮುತ್ತು ಕೊಡಬೇಕು. ನನ್ನ ಅಪ್ಪ ಅಮ್ಮ ದಾವಣಗೆರೆಯಿಂದ ಬಂದಿದ್ದ ವರ್ಷ ಗೊತ್ತಿಲ್ಲದೆ ಕರೆದುಕೊಂಡು ಹೋದೆ. ಮೊದಲ ಟಚ್‌ಡೌನ್‌ಗೆ ಸುತ್ತ ನಾಲ್ಕೂ ಕಡೆ ಶುರುವಾಯಿತು. ಅಪ್ಪ ಸ್ಕೋರ್‌ಬೋರ್ಡ್‌ನ ಬಹಳ ಗಮನವಿಟ್ಟು ಓದಿದರು. ಅಮ್ಮ ನನ್ನ ಕಿವಿಯಲ್ಲಿ, "ನಿಮ್ಮವರು ಜಾಸ್ತಿ ಗೋಲು ಹೊಡೀತಾರೇನೋ?" ಎಂದರು.

ಆಸ್ಟಿನ್ ಹೋರಿ:
ಹಹಹ, ಅಮ್ಮನಿಗೆ ನಮ್ಮ ಮ್ಯಾಚ್‌ಗೆ ಬರೋಕೆ ಹೇಳು. 2024ರಲ್ಲಿ ನಿಮ್ಮ ಮನೆಗೇ ಬಂದು 17-7 ಮಾಡಿದೆವು, ಆ ದಿನ ಮುತ್ತಿನ ತೊಂದರೆ ಜಾಸ್ತಿ ಇರಲಿಲ್ಲ.

ತಮಾಷೆ ಬಿಟ್ಟು ಹೇಳಬೇಕು ಅಂದರೆ, 2012ರಿಂದ 2023ರವರೆಗೆ ಈ ಮ್ಯಾಚ್ ಇಲ್ಲದೆ ಎರಡೂ ಕಡೆಯವರಿಗೆ ಥ್ಯಾಂಕ್ಸ್‌ಗಿವಿಂಗ್ ಸಪ್ಪೆಯಾಗಿತ್ತು. ಬೈಯೋಕೆ ಸರಿಯಾದ ನೆಂಟರಿಲ್ಲದ ಹಬ್ಬದ ಹಾಗೆ.

ಹನ್ನೆರಡನೆಯವನು:
ಅದು ನಿಜ. ನಿಮ್ಮವರ ಬಗ್ಗೆ ನಾನು ಒಂದು ಒಳ್ಳೆಯ ಮಾತು ಹೇಳೋದಿದ್ದರೆ ಅದು 1999ರದ್ದು. ನಿಮ್ಮ ಮ್ಯಾಚ್‌ಗೆ ಮುಂಚೆ ನಮ್ಮ ಹುಡುಗರು ದೊಡ್ಡ ಸೌದೆಯ ಗೋಪುರ ಕಟ್ಟಿ ಉರಿಸುತ್ತಿದ್ದರು. ನವೆಂಬರ್ 18ರ ಬೆಳಗಿನ ಜಾವ ಕಟ್ಟುವಾಗಲೇ ಅದು ಕುಸಿದು 12 ಜನ ಸತ್ತರು. ಮುಂದಿನ ವಾರ ಮ್ಯಾಚ್ ನಡೆಯಿತು. ಟೆಕ್ಸಸ್ ಬ್ಯಾಂಡ್‌ನವರು ಟೋಪಿ ತೆಗೆದು ನಿಂತರು. ಆಗ ನಾನು ದಾವಣಗೆರೆಯಲ್ಲಿ ಪ್ರೈಮರಿ ಸ್ಕೂಲ್. ಆದರೂ ಇಲ್ಲಿಗೆ ಬಂದ ಮೊದಲ ತಿಂಗಳೇ ಸೀನಿಯರ್ ಒಬ್ಬರು ಆ ಜಾಗಕ್ಕೆ ಕರೆದುಕೊಂಡು ಹೋಗಿ ಹನ್ನೆರಡು ಹೆಸರೂ ಓದಿಸಿದರು.

ಅಯೋವಾ ಸಿಟಿ:
ಯಾವಾಗಲೂ ಓದಿ ಸುಮ್ಮನೆ ಹೋಗುವವಳು ನಾನು. ಇಲ್ಲಿ ಕಿನಿಕ್ ಸ್ಟೇಡಿಯಂ ಎದುರೇ ಮಕ್ಕಳ ಆಸ್ಪತ್ರೆ ಇದೆ. ಮೇಲಿನ ಮಹಡಿಯಿಂದ ಮೈದಾನ ಕಾಣುತ್ತೆ. 2017ರಿಂದ, ಮೊದಲ ಕ್ವಾರ್ಟರ್ ಮುಗಿದ ತಕ್ಷಣ ಸ್ಟೇಡಿಯಂನಲ್ಲಿರುವ ಎಲ್ಲರೂ, ಎದುರು ಟೀಮಿನವರೂ, ರೆಫರಿಗಳೂ, ಆ ಕಿಟಕಿಗಳ ಕಡೆ ತಿರುಗಿ ಕೈಬೀಸುತ್ತಾರೆ. ಮಕ್ಕಳು ಅಲ್ಲಿಂದ ಬೀಸುತ್ತಾರೆ. ನಮ್ಮ ಟೀಮಿನ ಕ್ವಾರ್ಟರ್‌ಬ್ಯಾಕ್ ಯಾರು ಅಂತ ಕೇಳಿದರೆ ನನಗೆ ಕೆಲವು ವರ್ಷ ಗೊತ್ತೇ ಇರಲ್ಲ. ಟಿಕೆಟ್ ಮಾತ್ರ ತಪ್ಪಿಸಲ್ಲ.

ಬೆಳಗಿನ ಐದು ಗಂಟೆ:
ಅದು ಲೈವ್‌ನಲ್ಲಿ ಒಂದು ಸಲ ನೋಡಿದ್ದೀನಿ ಅಕ್ಕ. ಅದಾದ ಮೇಲೆ ಎದ್ದು ಹೋಗಿ ಮಗಳ ರೂಮಿನ ಬಾಗಿಲು ತೆಗೆದು ನೋಡಿ ಬಂದೆ.

ಆಸ್ಟಿನ್ ಹೋರಿ:
ನನ್ನ ಆಫೀಸಿನವನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವನ ಮಾತು, ದುಡ್ಡಿನ ಲೆಕ್ಕ ಬಿಟ್ಟು ನೀವು ಟೋಪಿ ಬ್ಯಾಂಡ್ ಅಂತ ಕೂತಿದ್ದೀರಿ. ಅವನು ಹೇಳೋದರಲ್ಲೂ ಹುರುಳಿದೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ಪ್ರಕಾರ ಮೊದಲ ವರ್ಷಕ್ಕೆ ಒಂದು ಕಾಲೇಜು ತನ್ನ ಎಲ್ಲ ಆಟಗಾರರಿಗೆ ಸೇರಿ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಕೊಡಬಹುದು. ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲ್‌ಗೆ, ಅದರಲ್ಲೂ ಕ್ವಾರ್ಟರ್‌ಬ್ಯಾಕ್‌ಗೆ. ಹುಡುಗರಿಗೆ ದುಡ್ಡು ಸಿಗಬಾರದು ಅಂತ ನಾನು ಹೇಳಲ್ಲ. ದಶಕಗಟ್ಟಲೆ ಅವರ ಮಂಡಿ ಮುರಿದು ಬೇರೆಯವರು ಉಂಡರು. ಆದರೆ ಇತ್ತೀಚೆಗೆ ನಾನು ಓದಿದ ಕಡೆಯಿಂದ ವಾರಕ್ಕೊಂದು ಇಮೇಲ್, ದೇಣಿಗೆ ಕೊಡಿ, ಇಲ್ಲದಿದ್ದರೆ ಒಳ್ಳೆಯ ಹುಡುಗರು ಬರಲ್ಲ ಅಂತ. ಮನೆ ಸಾಲದ ಕಂತು ಕಟ್ಟೋನು ನಾನು, ನನ್ನ ಐವತ್ತು ಡಾಲರ್‌ಗೆ ಫೈವ್ ಸ್ಟಾರ್ ಬರ್ತಾನಾ?

ಅಟ್ಲಾಂಟ ಅಕ್ಕ:
ಐವತ್ತಕ್ಕೆ ಅವನ ಶೂ ದಾರ ಬರಬಹುದು. ಆ ದುಡ್ಡಲ್ಲಿ ಇದ್ದಿಲು ಕೊಂಡು ಟೇಲ್‌ಗೇಟ್ ಮಾಡಿ, ಮ್ಯಾಚ್‌ಗೆ ಮುಂಚೆ ಸ್ಟೇಡಿಯಂ ಹೊರಗೆ ಎಲ್ಲರೂ ಸೇರಿ ಅಡುಗೆ ಊಟ.

ಆಸ್ಟಿನ್ ಹೋರಿ:
ಅದಕ್ಕೇ ಬರ್ತಿದ್ದೆ ಅಕ್ಕ. 2026ರ ಸೆಪ್ಟೆಂಬರ್‌ನಲ್ಲಿ ಒಹಾಯೋ ಸ್ಟೇಟ್ ಆಸ್ಟಿನ್‌ಗೆ ಬರುತ್ತೆ. ಕಾಫಿಯವರೇ, ನೀವು ಬರಲೇಬೇಕು. ನಮ್ಮ ಟೀಮಿನ ಗುರುತಾದ ಎತ್ತು ಬೀವೋನ ಹತ್ತಿರದಿಂದ ತೋರಿಸ್ತೀನಿ. ನಮ್ಮ ಹಾವೇರಿ ಕಡೆ ಹೋರಿ ಬೆದರಿಸೋದು ನೋಡಿ ಬೆಳೆದವನು ನಾನು, ಆದರೂ ಆ ಕೊಂಬಿನ ಅಗಲ ನೋಡಿ ಮೊದಲ ಸಲ ಎರಡು ಹೆಜ್ಜೆ ಹಿಂದೆ ಸರಿದೆ. 2019ರ ಹೊಸ ವರ್ಷದ ದಿನ ಶುಗರ್ ಬೌಲ್‌ನಲ್ಲಿ ಮ್ಯಾಚ್‌ಗೆ ಮುಂಚೆ ಜಾರ್ಜಿಯಾದ ನಾಯಿ ಮೇಲೆ ನುಗ್ಗಿಹೋಗಿತ್ತು.

ಅಟ್ಲಾಂಟ ಅಕ್ಕ:
ನಮ್ಮ ಉಗಾ ಪಾಪ, ಫೋಟೋಗೆ ನಿಂತಿತ್ತು. ಮರೆತಿಲ್ಲ ನಾವು.

ಕೊಲಂಬಸ್ ಕಾಫಿ:
ಬರ್ತೀನಿ. ಟಿಕೆಟ್ ರೇಟ್ ನೋಡಿ ಮನೆಯಲ್ಲಿ ಇನ್ನೂ ಹೇಳಿಲ್ಲ. ಒಂದೇ ಚಿಂತೆ, ನಾನು ಮಾಂಸ ತಿನ್ನಲ್ಲ. ಟೆಕ್ಸಸ್ ಟೇಲ್‌ಗೇಟ್ ಅಂದರೆ ರಾತ್ರಿಯಿಡೀ ಬ್ರಿಸ್ಕೆಟ್, ಅಂದರೆ ದನದ ಎದೆಮಾಂಸ, ಹೊಗೆಯಲ್ಲಿ ಬೇಯಿಸ್ತಾರೆ ಅಂತ ಕೇಳಿದ್ದೀನಿ.

ಆಸ್ಟಿನ್ ಹೋರಿ:
ನಮ್ಮ ಟೆಂಟ್‌ನಲ್ಲಿ ಎರಡು ಟೇಬಲ್. ಒಂದರ ಮೇಲೆ ಪಕ್ಕದ ಟೆಂಟಿನವರ ಬ್ರಿಸ್ಕೆಟ್, ಇನ್ನೊಂದರ ಮೇಲೆ ಗಿರ್ಮಿಟ್, ಮಿರ್ಚಿ ಭಜಿ. ಕಳೆದ ವರ್ಷ ಪಕ್ಕದ ಟೆಂಟಿನ ಅಜ್ಜ ಮಿರ್ಚಿ ಒಂದು ತಿಂದು ಕಣ್ಣೀರು ಹಾಕಿ, ಇನ್ನೂ ನಾಲ್ಕು ಕೇಳಿ ತೆಗೆದುಕೊಂಡು ಹೋದ. ಸ್ಟೇಡಿಯಂ ಒಳಗೆ ಮಾತ್ರ ಡಬ್ಬಿ ಬಿಡಲ್ಲ, ಚೀಲವೂ ಒಳಗಿರೋದು ಕಾಣುವಂಥದ್ದೇ ಬೇಕು, ಅದಕ್ಕೆ ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗಿ. ಬಿಸಿಲು ವಿಪರೀತ, ಟೋಪಿ ತನ್ನಿ. ನಿಮ್ಮ ಟೀಮಿನ ಕೆಂಪು ಟೋಪಿ ಹಾಕಿಕೊಂಡರೂ ಊಟ ಹಾಕ್ತೀವಿ.

ಹನ್ನೆರಡನೆಯವನು:
ಟೆಕ್ಸಸ್ ಗೆಲ್ಲೋದು ನೋಡೋಕೆ ನಾನು ಬರಲ್ಲ. ಆದರೆ ದಾವಣಗೆರೆಯವನಿಲ್ಲದೆ ಮಂಡಕ್ಕಿ ಕಲಸೋಕೆ ಹಾವೇರಿಯವನನ್ನು ಬಿಟ್ಟರೆ ನಮ್ಮೂರಿಗೆ ಅವಮಾನ. ಮಿರ್ಚಿ ಹಿಟ್ಟಿಗೆ ನೀನು ಓಂಕಾಳು ಹಾಕಲ್ಲ ಅಂತ ನನಗೆ ಗೊತ್ತು. ಬರ್ತೀನಿ, ನಮ್ಮ ಟೀಮಿನ ಮರೂನ್ ಅಂಗಿ ಹಾಕಿಕೊಂಡೇ ಬರ್ತೀನಿ.

ಪ್ಲೇನೋ ಅಪ್ಪ:
ನಮ್ಮದು ಮೂರು ಜನ. ಮಗ ಕೇಳ್ತಿದ್ದಾನೆ, ಒಹಾಯೋ ಬ್ಯಾಂಡ್ ಕೂಡ ಬರುತ್ತಾ ಅಂತ.